ಹಳೆಯ ವಿದ್ಯಾರ್ಥಿಗಳ ಸ್ವಯಂಸೇವೆ (ನೇಸರಗಿ ಸೀಮೆ)

ಪದವಿ ಪಡೆದವರು ತಾವು ಕಲಿತ ವಿಶ್ವವಿದ್ಯಾಲಯಕ್ಕೆ ಸಂಬಳವಿಲ್ಲದೆ ಸಲ್ಲಿಸುವ ನೆರವು. ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲೂಕಿನ ನೇಸರಗಿಯಂಥ ಊರಿನ ಪದವೀಧರರಿಗೆ ವಿಶ್ವವಿದ್ಯಾಲಯದ ನಂಟು ಎರಡು ಕಡೆಗಿದೆ. ಹಿರಿಯರಲ್ಲಿ ಹೆಚ್ಚಿನವರು 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯದವರು. ಕಿರಿಯರು 2010ರಲ್ಲಿ ಸ್ಥಾಪನೆಯಾದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದವರು.

ಚಿನ್ನದ ಪದಕ ಮತ್ತು ಉಪನ್ಯಾಸಗಳಿಗೆ ದತ್ತಿ ಇಡುವುದು ಹಳೆಯ ರೂಢಿ. ಆದರೆ ಹಣಕ್ಕಿಂತ ಸಮಯದ ಕೊಡುಗೆ ದೊಡ್ಡದು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿಗೆ ವಿಷಯ ಆಯ್ಕೆ, ವಿದ್ಯಾರ್ಥಿವೇತನದ ಅರ್ಜಿ, ವಸತಿನಿಲಯದ ಪ್ರವೇಶ, ಸಂದರ್ಶನದ ತಯಾರಿ ಇವನ್ನೆಲ್ಲ ತಿಳಿಸಿಕೊಡಲು ಅದೇ ದಾರಿಯಲ್ಲಿ ನಡೆದ ಅದೇ ಊರಿನವರಿಗಿಂತ ತಕ್ಕವರಿಲ್ಲ. ಊರಲ್ಲೇ ಉಳಿದ ಶಿಕ್ಷಕರು, ಒಕ್ಕಲುತನ ಮಾಡುವ ಪದವೀಧರರು ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಿಗೆ ಜಾಗ, ಊಟದ ಏರ್ಪಾಡು ಮಾಡಬಹುದು. ನೇಸರಗಿಯಲ್ಲಿ ರಟ್ಟ ಅರಸರ ಕಾಲದ ಗುಡಿ, ಶಾಸನಗಳಿವೆ. ಇತಿಹಾಸ ವಿಭಾಗದ ಕ್ಷೇತ್ರಕಾರ್ಯಕ್ಕೆ ಬರುವವರಿಗೆ ಸ್ಥಳ ತೋರಿಸಿ, ಹಿರಿಯರನ್ನು ಮಾತಾಡಿಸಿಕೊಡುವುದು ಊರವರಿಂದಲೇ ಆಗುವ ಕೆಲಸ.

ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತು (ನ್ಯಾಕ್) ನಡೆಸುವ ವಿಶ್ವವಿದ್ಯಾಲಯಗಳ ಮೌಲ್ಯಮಾಪನದಲ್ಲಿ ಹಳೆಯ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಯೂ ಗಣನೆಗೆ ಬರುತ್ತದೆ. ಮೌಲ್ಯಮಾಪನದ ವರ್ಷ ಮಾತ್ರ ಕರೆಯುವುದಕ್ಕಿಂತ ಪ್ರತಿ ವರ್ಷ ಪ್ರವೇಶದ ಹೊತ್ತಿಗೆ, ಜೂನ್–ಜುಲೈನಲ್ಲಿ, ತಾಲೂಕುವಾರು ಪಟ್ಟಿ ಹಿಡಿದು ಅವರನ್ನು ಸಂಪರ್ಕಿಸುವುದು ಹೆಚ್ಚು ಫಲ ಕೊಡುತ್ತದೆ.