ಕಾಯಿ ಮನುಷ್ಯನಾದ ಬಗೆ

ಚದುರಂಗದ ಕಾಲಾಳಿಗೆ ಹೆಸರಿಲ್ಲ, ಊರಿಲ್ಲ, ಸಾವಿನ ಭಯವೂ ಇಲ್ಲ. ಆಡುವವನು ನಡೆಸಿದಲ್ಲಿಗೆ ಅದು ನಡೆಯುತ್ತದೆ. ಬಲಿ ಕೊಟ್ಟರೆ ಮರುಮಾತಿಲ್ಲದೆ ಪೆಟ್ಟಿಗೆ ಸೇರುತ್ತದೆ. ಆ ಕಾಲಾಳಿಗೊಂದು ಹೆಸರು ಬಂದು, ‘ನಾನೇಕೆ ಸಾಯಲಿ?’ ಎಂದು ಕೇಳತೊಡಗಿದರೆ? ಸುಮಾರು ಐದೂವರೆ ದಶಕಗಳ ಹಿಂದೆ ಅಮೆರಿಕದಲ್ಲಿ ಹೆಚ್ಚುಕಡಿಮೆ ಹೀಗೆಯೇ ಆಯಿತು. ಅದರಿಂದ ಹುಟ್ಟಿದ್ದೇ ಮೇಜಿನ ಸುತ್ತ ಕುಳಿತು ಆಡುವ ‘ರೋಲ್ ಪ್ಲೇಯಿಂಗ್ ಗೇಮ್’, ಅಂದರೆ ಪಾತ್ರಧಾರಣೆಯ ಆಟ.

ಈ ಆಟಕ್ಕೆ ರಂಗಸ್ಥಳ ಬೇಡ, ವೇಷಭೂಷಣವೂ ಬೇಡ. ನಾಲ್ಕೈದು ಮಂದಿ ಕಾಗದ, ಪೆನ್ಸಿಲ್, ದಾಳಗಳೊಂದಿಗೆ ಕೂರುತ್ತಾರೆ. ‘ಎದುರಿಗೊಂದು ಗುಹೆಯಿದೆ, ಒಳಗಿನಿಂದ ಹೊಗೆ ಬರುತ್ತಿದೆ’ ಎಂದು ಒಬ್ಬ ನಿರೂಪಕ ಹೇಳುತ್ತಾನೆ. ಉಳಿದವರು ತಂತಮ್ಮ ಪಾತ್ರವಾಗಿ ಉತ್ತರಿಸುತ್ತಾರೆ. ತಾಳಮದ್ದಳೆಯ ಅರ್ಥಧಾರಿ ಬಣ್ಣ ಹಚ್ಚದೆ ಕುಳಿತಲ್ಲೇ ಕರ್ಣನಾಗುವಂತೆ ಇವರೂ ಮಾತಿನಿಂದಲೇ ಬೇರೊಬ್ಬರಾಗುತ್ತಾರೆ. ಆದರೆ ಇಲ್ಲಿ ಕಥೆಯ ಕೊನೆ ಯಾರಿಗೂ ಗೊತ್ತಿರುವುದಿಲ್ಲ. ಗೆಲುವೋ ಸೋಲೋ ಎಂಬ ಅನುಮಾನ ಬಂದಲ್ಲಿ ದಾಳ ತೀರ್ಮಾನಿಸುತ್ತದೆ.

ಸೇನೆಯ ಮೇಜಿನಿಂದ

ಇದರ ಬೇರು ಇರುವುದು ಪ್ರಷ್ಯಾದ ಸೇನೆಯಲ್ಲಿ. ಅಧಿಕಾರಿಗಳ ತರಬೇತಿಗೆಂದು ನಕ್ಷೆಯ ಮೇಲೆ ಆಡುವ ‘ಕ್ರೀಗ್‌ಸ್ಪೀಲ್’ ಎಂಬ ಯುದ್ಧದಾಟದ ನಿಯಮಗಳನ್ನು 1824ರಲ್ಲಿ ಲೆಫ್ಟಿನೆಂಟ್ ಫಾನ್ ರೈಸ್‌ವಿಟ್ಸ್ ಪ್ರಕಟಿಸಿದ. ಆಟಗಾರರು ಆಜ್ಞೆ ಕೊಡುವುದು, ನಡುವೆ ನಿಂತ ತೀರ್ಪುಗಾರ ದಾಳ ಉರುಳಿಸಿ ಫಲ ಹೇಳುವುದು ಅದರ ಕ್ರಮ. ಮುಂದೆ ಯುದ್ಧದಾಟ ಸೇನೆಯಿಂದ ಹೊರಬಂದು ನಾಗರಿಕರ ಹವ್ಯಾಸವೂ ಆಯಿತು.

1969ರಲ್ಲಿ ಅಮೆರಿಕದ ಮಿನಿಯಾಪೊಲಿಸ್–ಸೇಂಟ್ ಪಾಲ್ ಅವಳಿ ನಗರಗಳಲ್ಲಿ ಡೇವಿಡ್ ವೆಸ್ಲಿ ಎಂಬ ಹವ್ಯಾಸಿ ಗೆಳೆಯರಿಗಾಗಿ ನೆಪೋಲಿಯನ್ ಕಾಲದ ಆಟವೊಂದನ್ನು ಹೂಡಿದರು. ‘ಬ್ರೌನ್‌ಸ್ಟೈನ್’ ಎಂಬ ಕಲ್ಪಿತ ಜರ್ಮನ್ ಪಟ್ಟಣ ಅದರ ನೆಲೆ. ಸೇನಾಧಿಪತಿಗಳ ಜೊತೆಗೆ ಮೇಯರ್, ಬ್ಯಾಂಕಿನ ಯಜಮಾನ, ವಿಶ್ವವಿದ್ಯಾಲಯದ ಕುಲಪತಿ ಮುಂತಾದ ಪಾತ್ರಗಳನ್ನೂ ಅವರು ಹಂಚಿದರು. ಆಟಗಾರರು ಯುದ್ಧವನ್ನೇ ಮರೆತು ತಮ್ಮತಮ್ಮಲ್ಲೇ ಗುಟ್ಟಿನ ಒಪ್ಪಂದ, ಒಳಸಂಚುಗಳಲ್ಲಿ ಮುಳುಗಿದರು. ಆಟ ಕೈತಪ್ಪಿ ಕೆಟ್ಟಿತೆಂದೇ ವೆಸ್ಲಿ ಭಾವಿಸಿದರು. ಗೆಳೆಯರು ಮಾತ್ರ ‘ಮತ್ತೊಮ್ಮೆ ಯಾವಾಗ?’ ಎಂದು ಕೇಳಿದರು!

ಆ ಗುಂಪಿನ ಡೇವ್ ಆರ್ನೆಸನ್ ಅದೇ ಜಾಡು ಹಿಡಿದು ‘ಬ್ಲ್ಯಾಕ್‌ಮೂರ್’ ಎಂಬ ಮಾಯಾಲೋಕವನ್ನು ಕಟ್ಟಿದರು. ಅಲ್ಲಿ ಒಬ್ಬನಿಗೆ ಒಂದೇ ಪಾತ್ರ. ಈ ವಾರ ಬದುಕಿ ಉಳಿದರೆ ಮುಂದಿನ ವಾರವೂ ಅದೇ. ಹೀಗೆ ಕಾಯಿಗೆ ನೆನಪು ಬಂತು, ಜೀವದ ಆಸೆಯೂ ಬಂತು. ವಿಸ್ಕಾನ್ಸಿನ್‌ನ ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಹೊರಬಂತು. ಮೂರು ಪುಸ್ತಿಕೆಗಳ ಪೆಟ್ಟಿಗೆಗೆ 10 ಡಾಲರ್. ಮೊದಲ ಮುದ್ರಣ 1000 ಪ್ರತಿ. ವಿಚಿತ್ರವೆಂದರೆ ಅದರ ಮುಖಪುಟದಲ್ಲಿ ‘ಪಾತ್ರ’ದ ಮಾತೇ ಇರಲಿಲ್ಲ, ಮಧ್ಯಯುಗದ ಅದ್ಭುತ ಯುದ್ಧದಾಟವೆಂದೇ ಅದು ಹೇಳಿಕೊಂಡಿತ್ತು.

ಪಾತ್ರ ಪ್ರವೇಶಕ್ಕೆ ದಾರಿ ಮಾಡಿದ್ದು ದಾಳವೇ. ಬಲ, ಬುದ್ಧಿ, ವಿವೇಕ, ಚುರುಕು, ದೇಹದಾರ್ಢ್ಯ, ವರ್ಚಸ್ಸು ಎಂಬ ಆರು ಗುಣಗಳಿಗೂ ಮೂರು ದಾಳ ಉರುಳಿಸಿ 3ರಿಂದ 18ರವರೆಗೆ ಅಂಕ ಕೊಡುತ್ತಿದ್ದರು. ಬುದ್ಧಿಗೆ 5 ಬಿದ್ದರೆ ಜಾಣನೂ ದಡ್ಡನಂತೆ ಯೋಚಿಸುವುದೇ? ಗೆಲ್ಲುವ ದಾರಿ ತನಗೆ ಕಂಡರೂ ಪಾತ್ರಕ್ಕೆ ಕಾಣದೆಂದು ಸುಮ್ಮನಿರುವುದೇ? ಈ ಪ್ರಶ್ನೆ ಎದುರಾದಲ್ಲಿ ಆಟ ಅಭಿನಯದ ಹೊಸ್ತಿಲು ದಾಟಿತು. ‘ನನ್ನ ಕಾಯಿ ಹೋಗುತ್ತದೆ’ ಎನ್ನುವ ಬದಲು ‘ನಾನು ಹೋಗುತ್ತೇನೆ’ ಎನ್ನುವುದು ರೂಢಿಯಾಯಿತು.

‘ನಾನು’ ಎಂಬ ಭಯ

ಈ ‘ನಾನು’ ಎಂಬ ಮಾತೇ ಹಲವರಲ್ಲಿ ಭಯ ಹುಟ್ಟಿಸಿತು. 1979ರಲ್ಲಿ ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದ 16 ವರ್ಷದ ವಿದ್ಯಾರ್ಥಿಯೊಬ್ಬ ಕಾಣೆಯಾದ. ಕ್ಯಾಂಪಸ್ಸಿನ ನೆಲದಡಿಯ ಸುರಂಗಗಳಲ್ಲಿ ಈ ಆಟ ಆಡುತ್ತ ಕಳೆದುಹೋದನೆಂಬ ಊಹೆ ಪತ್ರಿಕೆಗಳಲ್ಲಿ ಹಬ್ಬಿತು. ಸುಮಾರು ಒಂದು ತಿಂಗಳ ಬಳಿಕ ಆತ ದೂರದ ಲೂಸಿಯಾನದಲ್ಲಿ ಪತ್ತೆಯಾದ, ಮರುವರ್ಷ ತೀರಿಕೊಂಡ. ಅವನನ್ನು ಬಾಧಿಸಿದ್ದು ಆಟವಲ್ಲ, ಒಂಟಿತನ ಮತ್ತು ಖಿನ್ನತೆ ಎಂಬುದು 1984ರಲ್ಲಿ ಪತ್ತೇದಾರ ವಿಲಿಯಂ ಡಿಯರ್ ಬರೆದ ಪುಸ್ತಕದಿಂದ ತಿಳಿಯಿತು. ಅಷ್ಟರಲ್ಲಿ ಊಹೆ ದೂರ ಸಾಗಿತ್ತು. ಪಾತ್ರದಲ್ಲಿ ಸಿಲುಕಿ ಮತಿಭ್ರಮಣೆಗೊಂಡ ಯುವಕನ ಕಥೆಯ ‘ಮೇಜಸ್ ಅಂಡ್ ಮಾನ್‌ಸ್ಟರ್ಸ್’ ಟಿ.ವಿ. ಚಿತ್ರ 1982ರಲ್ಲಿ ಬಂತು. ಆಟದ ವಿರುದ್ಧ ಸಂಘಟನೆಯೂ ಹುಟ್ಟಿತು. ಮುಂದೆ ನಡೆದ ಅಧ್ಯಯನಗಳು ಆಟವೇ ಸಾವಿಗೆ ಕಾರಣವೆಂಬ ವಾದವನ್ನು ಸಮರ್ಥಿಸಲಿಲ್ಲ.

ಆಟಗಾರರ ನಡುವೆಯೇ ಕುಳಿತು ನೋಡಿದ ಸಮಾಜಶಾಸ್ತ್ರಜ್ಞ ಗ್ಯಾರಿ ಅಲನ್ ಫೈನ್ 1983ರಲ್ಲಿ ಬೇರೆಯೇ ಚಿತ್ರ ಕೊಟ್ಟರು. ಮೇಜಿನ ಬಳಿ ಪ್ರತಿಯೊಬ್ಬರೂ ಏಕಕಾಲಕ್ಕೆ ಮೂರು ಪದರಗಳಲ್ಲಿ ಇರುತ್ತಾರೆ: ಮನೆ-ಮಠವಿರುವ ವ್ಯಕ್ತಿ, ನಿಯಮ ಬಲ್ಲ ಆಟಗಾರ, ಗುಹೆಯೊಳಗಿನ ಪಾತ್ರ. ಒಂದರಿಂದ ಇನ್ನೊಂದಕ್ಕೆ ಅವರು ಕ್ಷಣಾರ್ಧದಲ್ಲಿ ಜಾರುತ್ತಾರೆ, ಅಷ್ಟೇ ಸಲೀಸಾಗಿ ಮರಳುತ್ತಾರೆ. ರಾಕ್ಷಸನೆದುರು ಕತ್ತಿ ಹಿರಿದವನು ತಿಂಡಿಯ ತಟ್ಟೆ ಇತ್ತ ಕೊಡಿ ಎನ್ನಬಲ್ಲ.

ಪಾತ್ರದೊಳಗೆ ಹೋಗುವುದೆಂದರೆ ತನ್ನನ್ನು ಕಳೆದುಕೊಳ್ಳುವುದಲ್ಲ ಎಂಬುದನ್ನು ಆ ಮೇಜಿನ ಸುತ್ತ ಕುಳಿತವರು ಬಲ್ಲರು. 1979ರಲ್ಲಿ ಆ ಹುಡುಗನನ್ನು ಜನ ಹುಡುಕಿದ್ದು ಪಾತ್ರದ ಸುರಂಗದಲ್ಲಿ. ನೋವು ಇದ್ದದ್ದು ಮೊದಲ ಪದರದಲ್ಲಿ, ಬರಿಯ ಮನುಷ್ಯನಲ್ಲಿ. ಅಲ್ಲಿ ಮಾತ್ರ ಯಾರೂ ನೋಡಿರಲಿಲ್ಲ.