ಜೀವವೈದ್ಯಕೀಯ ವಿಜ್ಞಾನ: ಬೆಂಗಳೂರಿನಲ್ಲಿ ಅಧ್ಯಯನ ಮತ್ತು ವೃತ್ತಿ

ರೋಗದ ಮೂಲವನ್ನು ಜೀವಕೋಶ, ಜೀನ್ ಮತ್ತು ಪ್ರೋಟೀನುಗಳ ಮಟ್ಟದಲ್ಲಿ ಹುಡುಕಿ ರೋಗಪತ್ತೆ, ಲಸಿಕೆ, ಔಷಧಗಳಿಗೆ ದಾರಿ ತೆರೆಯುವ ಶಾಸ್ತ್ರವೇ ಜೀವವೈದ್ಯಕೀಯ ವಿಜ್ಞಾನ. ಭಾರತದಲ್ಲಿ ಇದರ ಸಂಶೋಧನೆಯೂ ಉದ್ಯಮವೂ ಒಂದೇ ಊರಿನಲ್ಲಿ ಬೆಳೆದದ್ದಕ್ಕೆ ಬೆಂಗಳೂರು ಒಳ್ಳೆಯ ಉದಾಹರಣೆ.

ಸಂಶೋಧನೆಯ ಹಾದಿ ದೀರ್ಘ. ಎಂ.ಎಸ್ಸಿ. ಮುಗಿಸಿದವರು ಸಿಎಸ್‌ಐಆರ್-ಯುಜಿಸಿ ನೆಟ್‌ನಂಥ ಪರೀಕ್ಷೆಯಿಂದ ಫೆಲೋಶಿಪ್ ಪಡೆದು ಪಿಎಚ್.ಡಿ. ಸೇರುತ್ತಾರೆ; ಅದಕ್ಕೆ ಐದಾರು ವರ್ಷ, ಬಳಿಕ ಪೋಸ್ಟ್‌ಡಾಕ್ ಎಂಬ ತಾತ್ಕಾಲಿಕ ಸಂಶೋಧನಾ ಹುದ್ದೆ. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿ.ಎಸ್ಸಿ. ಪದವೀಧರರಿಗೂ ಸಂಯೋಜಿತ ಪಿಎಚ್.ಡಿ. ಇದೆ. ಒಬೇದ್ ಸಿದ್ದಿಕಿ ಕಟ್ಟಿದ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿದೆ. ಮೆದುಳಿನ ಕಾಯಿಲೆಗಳ ಅಧ್ಯಯನಕ್ಕೆ ನಿಮ್ಹಾನ್ಸ್‌ಗೆ ಸಾಟಿಯಾದ ಜಾಗ ದೇಶದಲ್ಲಿ ವಿರಳ: ಅಲ್ಲಿ ರೋಗಿಯ ಹಾಸಿಗೆಗೂ ಪ್ರಯೋಗಾಲಯಕ್ಕೂ ಹೆಚ್ಚು ದೂರವಿಲ್ಲ.

ಇನ್ನು ಉದ್ಯಮದ ಹಾದಿ. 1978ರಲ್ಲಿ ಕಿರಣ್ ಮಜುಂದಾರ್ ಶಾ ಆರಂಭಿಸಿದ ಬಯೋಕಾನ್ ಮೊದಲು ಕಿಣ್ವಗಳನ್ನು ತಯಾರಿಸುತ್ತಿತ್ತು. ಮುಂದೆ ಇನ್ಸುಲಿನ್ ಮತ್ತು ಮೂಲ ಜೈವಿಕ ಔಷಧಗಳನ್ನು ಹೋಲುವ ಬಯೋಸಿಮಿಲರ್ ಔಷಧಗಳತ್ತ ಹೊರಳಿತು. ಅದೇ ಸಮೂಹದ ಸಿಂಜೀನ್ ಇತರ ಕಂಪನಿಗಳಿಗಾಗಿ ಗುತ್ತಿಗೆ ಸಂಶೋಧನೆ ನಡೆಸುತ್ತದೆ. ಗುಣಮಟ್ಟ ಪರೀಕ್ಷೆ, ಕ್ಲಿನಿಕಲ್ ಟ್ರಯಲ್‌ಗಳ ದತ್ತಾಂಶ ನಿರ್ವಹಣೆ, ಔಷಧ ಅನುಮತಿಯ ದಾಖಲೆಗಳ ತಯಾರಿಯಂಥ ಕೆಲಸಗಳಿಗೆ ಎಂ.ಎಸ್ಸಿ. ಸಾಕು. ಹೊಸ ಔಷಧದ ಶೋಧತಂಡವನ್ನು ಮುನ್ನಡೆಸಲು ಮಾತ್ರ ಸಾಮಾನ್ಯವಾಗಿ ಪಿಎಚ್.ಡಿ. ಬೇಕು.

ಎರಡೂ ಕಡೆ ಅಂಕಪಟ್ಟಿಗಿಂತ ಹೆಚ್ಚಿನ ತೂಕ ಕೈಯಾರೆ ಪ್ರಯೋಗ ಮಾಡಿದ ಅನುಭವಕ್ಕಿದೆ. ಸುಸಜ್ಜಿತ ಪ್ರಯೋಗಾಲಯವಿಲ್ಲದ ಕಾಲೇಜುಗಳ ವಿದ್ಯಾರ್ಥಿಗಳು ಭಾರತದ ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ನೀಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕುವುದನ್ನು ತಪ್ಪಿಸಬಾರದು.