ರೊಟ್ಟಿಯ ಜೋಡಿ ಇದ್ದದ್ದು

ಶುಗರ್ ಬಂತೆಂದರೆ ಸಾಕು, ಬೀದರ, ಭಾಲ್ಕಿ, ಔರಾದದ ಮನೆಗಳಲ್ಲಿ ಈಗ ಮೊದಲು ಕೇಳಿಬರುವ ಮಾತು: ‘ಅನ್ನ ಬಿಡ್ರಿ, ಜೋಳದ ರೊಟ್ಟಿ ಹಿಡೀರಿ.’ ಮಾತು ಒಳ್ಳೆಯದೇ. ಆದರೆ ನಮ್ಮ ಸೀಮೆಯ ಜೋಳಕ್ಕೆ ಒಂದು ಕಹಿ ಚರಿತ್ರೆಯೂ ಇದೆ. ಅದನ್ನು ಮರೆತು ರೊಟ್ಟಿಯನ್ನು ಮದ್ದೆಂದು ಕರೆಯಬಾರದು.

1956ರ ನವೆಂಬರ್ 1ರವರೆಗೆ ಬೀದರ ಹೈದರಾಬಾದ್ ರಾಜ್ಯದ ನೆಲ. ಎರಡೇ ವರ್ಷಕ್ಕೆ, 1958ರಲ್ಲಿ, ಪೌಷ್ಟಿಕ ಆಹಾರ ಸಂಶೋಧನಾಲಯ ಕೂನೂರಿನಿಂದ ಹೈದರಾಬಾದಿಗೆ ಬಂತು. ಅಲ್ಲಿನ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಜೋಳವನ್ನೇ ನಂಬಿದ ಬಡವರಲ್ಲಿ ಪೆಲಾಗ್ರಾ ಎಂಬ ರೋಗ ಕಂಡರು. ಬಿಸಿಲು ಬೀಳುವ ಕುತ್ತಿಗೆ, ಮುಂಗೈ, ಪಾದಗಳ ಚರ್ಮ ಕಪ್ಪಿಟ್ಟು ಸುಲಿಯುತ್ತಿತ್ತು. ಜೊತೆಗೆ ಭೇದಿ, ಮನಸ್ಸಿಗೆ ಮಂಕು. ಅದು ಮೆಕ್ಕೆಜೋಳ ಉಣ್ಣುವವರ ರೋಗವೆಂದೇ ಜಗತ್ತು ತಿಳಿದಿತ್ತು. ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಎಂಬ ಅಂಶ ಇದಕ್ಕೆ ಕಾರಣವಿರಬಹುದೆಂಬ ವಾದವನ್ನು ಇಬ್ಬರೂ 1960ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮಂಡಿಸಿದರು. ನಯಾಸಿನ್ ಎಂಬ ಜೀವಸತ್ವದ ಮಾತ್ರೆ ಕೊಟ್ಟರೆ ರೋಗ ಇಳಿಯುತ್ತಿತ್ತು. ಊಟ ಮಾತ್ರ ಬರೀ ರೊಟ್ಟಿ, ಖಾರದಲ್ಲೇ ಉಳಿದರೆ ಅದು ಮರಳುವ ಭಯ ಇದ್ದೇ ಇತ್ತು.

ಹಾಗಾದರೆ ಅದೇ ಜೋಳ ಉಂಡ ಎಷ್ಟೋ ಮನೆಗಳು ಗಟ್ಟಿಯಾಗಿದ್ದವಲ್ಲ? ಔರಾದ ಕಡೆಯ ನಮ್ಮ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಮೊದಲೇ ಒರಳಿನಲ್ಲಿ ಹುರಿದ ಶೇಂಗಾ, ಬೆಳ್ಳುಳ್ಳಿ, ಒಣಖಾರ, ಉಪ್ಪು ಹಾಕಿ ಹಿಂಡಿ ಕುಟ್ಟುತ್ತಿದ್ದಳು. ಶೇಂಗಾದಲ್ಲಿ ನಯಾಸಿನ್ ಜೋಳಕ್ಕಿಂತ ಎಷ್ಟೋ ಹೆಚ್ಚು. ಒಂದು ದಿನ ಅಗಸಿ ಹಿಂಡಿ, ಇನ್ನೊಂದು ದಿನ ತೊಗರಿಬೇಳೆ ಹಾಕಿದ ಪುಂಡಿ ಪಲ್ಯ, ಕೊನೆಗೆ ದೇವಣಿ ಆಕಳ ಮಜ್ಜಿಗೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಉಣ್ಣುವ ಭಜ್ಜಿಯಲ್ಲಂತೂ ಹಸಿ ತೊಗರಿ, ಅವರೆ, ಕಡಲೆ, ಸೊಪ್ಪು ಎಲ್ಲವೂ ಒಂದೇ ಗಡಿಗೆಯಲ್ಲಿ ಕುದಿಯುತ್ತಿದ್ದವು. ಜೋಳದ ಕೊರತೆಯನ್ನು ತುಂಬಿದ್ದು ಈ ಜೋಡಿ.

ಈ ಜೋಡಿ ಮುರಿದದ್ದು ಹೊಲದಲ್ಲಿ. ಜೋಳ, ಹೆಸರು, ಉದ್ದು ಇದ್ದ ಮುಂಗಾರಿ ಹೊಲಗಳನ್ನು ಸೋಯಾ ಹಿಡಿಯಿತು. ಬೀದರ ಇಂದು ರಾಜ್ಯದ ಸೋಯಾ ಜಿಲ್ಲೆ. ರೇಷನ್ ಅಕ್ಕಿ ಮೊದಲೇ ಬಂದಿತ್ತು, 2013ರ ಅನ್ನಭಾಗ್ಯ ಅದನ್ನು ಇನ್ನಷ್ಟು ಹತ್ತಿರ ತಂದಿತು. ಹಸಿದ ಹೊಟ್ಟೆಗೆ ಅಕ್ಕಿ ದೊಡ್ಡ ಆಸರೆ, ಅದನ್ನು ನಾನು ಹಳಿಯಲಾರೆ. ಆದರೆ ಬೇಳೆ, ಸೊಪ್ಪು, ಹಿಂಡಿ ತಟ್ಟೆಯ ಅಂಚಿಗೆ ಸರಿದವು.

ಈಗ ಶುಗರಿನ ಭಯಕ್ಕೆ ರೊಟ್ಟಿ ಒಂದೇ ಮರಳಿ ಬರುತ್ತಿದೆ. ಅದರಲ್ಲೂ ಪಿಷ್ಟವಿದೆ, ಲೆಕ್ಕವಿಲ್ಲದೆ ಉಂಡರೆ ಸಕ್ಕರೆ ಏರುತ್ತದೆ. ಮಾತ್ರೆಯನ್ನೂ ಕಡೆಗಣಿಸುವಂತಿಲ್ಲ. ಆದರೆ ಶುಗರಿಗೆ ಬಹುಕಾಲ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರಲ್ಲಿ ಬಿ-12 ಜೀವಸತ್ವ ಕಡಿಮೆಯಾಗಬಹುದು, ಶಾಕಾಹಾರಿಗಳಲ್ಲಿ ಇನ್ನೂ ಬೇಗ. ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಬರೆದರೆ ಬಿ-12 ಅನ್ನೂ ತೆಗೆದುಕೊಳ್ಳಬೇಕು. ಅಂದಿನ ನಯಾಸಿನ್‌ನಂತೆ ಅದು ತುಂಬುವುದು ಒಂದು ಕೊರತೆಯನ್ನು ಮಾತ್ರ. ಉಳಿದದ್ದನ್ನು ಊಟವೇ ತುಂಬಬೇಕು. ಅದಕ್ಕೇ ಬೀದರದ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಜೋಳ ಕೊಳ್ಳುವವರಿಗೆ ನಾನು ಹೇಳುವುದಿಷ್ಟೇ: ತೊಗರಿಬೇಳೆ, ಅಗಸಿ, ಶೇಂಗಾ ಕೂಡ ಅದೇ ಚೀಲಕ್ಕೆ ಬರಲಿ.